ಸತ್ಯಾಂಶ: ಬೆಂಕಿ ಬೀಳುತ್ತದೆ ಎಂದು ವಿಮಾ ಕಂಪನಿಗಳಿಗೆ ಮೊದಲೇ ಗೊತ್ತಿತ್ತಾ?

"ಲಾಸ್ ಏಂಜಲೀಸ್ ಬೆಂಕಿಗೆ ಸ್ವಲ್ಪ ಮೊದಲು ಮನೆ ವಿಮೆಗಳನ್ನು ರದ್ದು ಮಾಡಿದರು. ಅಂದರೆ ಎಲ್ಲಾ ಪ್ಲಾನ್ ಮಾಡಿದ್ದೇ!" ಈ ಫಾರ್ವರ್ಡ್ ನಿಮಗೂ ಬಂದಿರಬಹುದು. ಓದಿದರೆ ಹೌದಲ್ವಾ ಅನಿಸುತ್ತದೆ. ತಾರೀಖು ನೋಡಿದರೆ ಕಥೆ ಬೇರೆ.

ಬೆಂಕಿ ಶುರುವಾಗಿದ್ದು 2025ರ ಜನವರಿ 7ರಂದು. ಸ್ಟೇಟ್ ಫಾರ್ಮ್ ಎಂಬ ಅಮೆರಿಕದ ವಿಮಾ ಕಂಪನಿ, ಲಾಸ್ ಏಂಜಲೀಸ್ ಇರುವ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಹೊಸ ಮನೆ ವಿಮೆ ನಿಲ್ಲಿಸಿದ್ದು 2023ರ ಮೇ ತಿಂಗಳಲ್ಲಿ. ಸುಮಾರು 72,000 ಪಾಲಿಸಿ ಮುಂದುವರಿಸುವುದಿಲ್ಲ ಎಂದಿದ್ದು 2024ರ ಮಾರ್ಚ್‌ನಲ್ಲಿ. ಎಲ್ಲರ ಎದುರಿಗೇ ಹೇಳಿತ್ತು, ಪತ್ರಿಕೆಗಳಲ್ಲೂ ಬಂದಿತ್ತು. ಇನ್ನೊಂದು ವಿಷಯ, ಇದು ರದ್ದತಿ ಅಲ್ಲ. ಅವಧಿ ಮುಗಿದ ಮೇಲೆ ನವೀಕರಿಸಲಿಲ್ಲ, ಅಷ್ಟೇ. ಅದಕ್ಕೂ 75 ದಿನ ಮೊದಲೇ ನೋಟಿಸ್ ಕೊಡಬೇಕು.

ಹಾಗಾದರೆ ಯಾಕೆ ಹಿಂದೆ ಸರಿದರು? ಭವಿಷ್ಯ ಗೊತ್ತಿದ್ದಕ್ಕಲ್ಲ, ಲೆಕ್ಕ ಹಾಕಿದ್ದಕ್ಕೆ. 2018ರಲ್ಲಿ ಅದೇ ರಾಜ್ಯದ ಪ್ಯಾರಡೈಸ್ ಎಂಬ ಊರು ಕಾಡ್ಗಿಚ್ಚಿಗೆ ಹೆಚ್ಚುಕಡಿಮೆ ಪೂರ್ತಿ ಸುಟ್ಟುಹೋಗಿತ್ತು. ಪರಿಹಾರದ ಮೊತ್ತ ವಿಪರೀತವಾಯಿತು. ವಿಮಾ ಕಂಪನಿಗಳೂ ತಮ್ಮ ನಷ್ಟಕ್ಕೆ ಬೇರೆ ಕಡೆ ವಿಮೆ ಮಾಡಿಸುತ್ತವೆ, ಅದನ್ನು ಮರುವಿಮೆ ಅನ್ನುತ್ತಾರೆ. ಅದೂ ದುಬಾರಿಯಾಯಿತು. ಆದರೆ ಕ್ಯಾಲಿಫೋರ್ನಿಯಾದ ಮತದಾರರು 1988ರಲ್ಲಿ ಒಪ್ಪಿದ ಪ್ರಾಪೊಸಿಷನ್ 103 ಎಂಬ ಕಾನೂನಿನ ಪ್ರಕಾರ, ದರ ಏರಿಸಬೇಕಾದರೆ ಮೊದಲು ರಾಜ್ಯದ ಒಪ್ಪಿಗೆ ಬೇಕು. ಮರುವಿಮೆಯ ಖರ್ಚನ್ನು ದರಕ್ಕೆ ಸೇರಿಸಲು ಬಹಳ ಕಾಲ ಬಿಟ್ಟಿರಲೇ ಇಲ್ಲ.

ಹಾಗಂತ ಕಂಪನಿಗಳು ಸಾಚಾ ಅಂತ ನಾನು ಹೇಳುತ್ತಿಲ್ಲ. ವರ್ಷಗಟ್ಟಲೆ ಕಂತು ಕಟ್ಟಿದವರನ್ನು ಕೈಬಿಟ್ಟಿದ್ದು ನಿಜ. ಅಂಥವರಿಗೆ ಕೊನೆಗೆ ಉಳಿದದ್ದು 1968ರಿಂದ ಇರುವ ಫೇರ್ ಪ್ಲಾನ್, ಅಂದರೆ ಬೇರೆ ಎಲ್ಲೂ ವಿಮೆ ಸಿಗದವರಿಗೆ ಇರುವ ಕೊನೆಯ ವಿಮೆ. ಕಂತು ಜಾಸ್ತಿ, ರಕ್ಷಣೆ ಕಮ್ಮಿ.