ನಿಷ್ಠೆ ನಮ್ಮದು, ನಿಯಮ ಅವರದು

ಇವತ್ತು ಬೆಳಿಗ್ಗೆ ಒಂದು ಇಮೇಲ್ ಬಂತು. ಶೀರ್ಷಿಕೆಯಲ್ಲೇ ‘ನಿಮಗೊಂದು ಸಂತೋಷದ ಸುದ್ದಿ’. ವಿಮಾನ ಕಂಪನಿಯವರು ಸಂತೋಷದ ಸುದ್ದಿ ಎಂದಾಗಲೆಲ್ಲ ನಾನು ಮೊದಲು ಕುರ್ಚಿ ಹುಡುಕಿ ಕುಳಿತುಕೊಳ್ಳುತ್ತೇನೆ. ಮೇಲ್ಗಡೆ ಮೋಡಗಳ ನಡುವೆ ರೆಕ್ಕೆಯೊಂದರ ಚಿತ್ರ, ಅದರ ಕೆಳಗೆ ‘ನಿಮ್ಮ ಸಲಹೆಗಳನ್ನು ಆಲಿಸಿದ್ದೇವೆ’ ಎಂಬ ಸಾಲು, ಅದರ ಕೆಳಗೆ ನಗುತ್ತಿರುವ ಒಂದು ಕುಟುಂಬ. ಹೆಬ್ಬೆರಳು ನೋಯುವಷ್ಟು ಕೆಳಕ್ಕೆ ಎಳೆದ ಮೇಲೆ ತಿಳಿ ಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿ ನಿಜವಾದ ವಿಷಯ: ಅವರ ಫ್ರೀಕ್ವೆಂಟ್ ಫ್ಲೈಯರ್ ಯೋಜನೆಯಲ್ಲಿ, ಅಂದರೆ ಪದೇ ಪದೇ ಹಾರುವವರಿಗೆ ಸಿಲ್ವರ್, ಗೋಲ್ಡ್ ಎಂದು ದರ್ಜೆ ಕೊಟ್ಟು ಸವಲತ್ತು ಕೊಡುವ ಸದಸ್ಯತ್ವದಲ್ಲಿ, ಮುಂದಿನ ವರ್ಷದಿಂದ ನೀವು ಎಷ್ಟು ದೂರ ಹಾರಿದಿರಿ ಎನ್ನುವುದು ಲೆಕ್ಕಕ್ಕಿಲ್ಲ, ಎಷ್ಟು ಹಣ ಕೊಟ್ಟಿರಿ ಎನ್ನುವುದಷ್ಟೇ ಲೆಕ್ಕ. ಅದೂ ತೆರಿಗೆ, ನಿಲ್ದಾಣದ ಶುಲ್ಕ ಎಲ್ಲ ಕಳೆದು ಉಳಿದ ಹಣ.

ಇಂಥ ಸಲಹೆ ಕೊಟ್ಟ ಆ ಪುಣ್ಯಾತ್ಮ ಯಾರೋ, ನಿಮ್ಮ ಸ್ನೇಹಿತರ ಬಳಗದಲ್ಲಿದ್ದರೆ ದಯವಿಟ್ಟು ಪರಿಚಯ ಮಾಡಿಸಿ. ಎದುರೆದುರು ಕುಳಿತು ಎರಡು ಮಾತಾಡಬೇಕಿದೆ.

ನನ್ನ ಕೆಲಸದ ಸ್ವರೂಪ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಟಿಕೆಟಿನ ಹಣ ನನ್ನ ಕಿಸೆಯಿಂದಲೇ ಹೋಗುತ್ತದೆ. ಕಚೇರಿಯ ಖರ್ಚಿನಲ್ಲಿ ಬಿಸಿನೆಸ್ ಕ್ಲಾಸಿನಲ್ಲಿ ಕಾಲು ಚಾಚುವ ಭಾಗ್ಯ ನನ್ನ ಹಣೆಯಲ್ಲಿ ಬರೆದಿಲ್ಲ. ಇಷ್ಟು ವರ್ಷ ಈ ಒಂದೇ ಕಂಪನಿಯನ್ನು ಹಿಡಿದು ಕುಳಿತಿದ್ದೆ. ಬೇರೆಯವರ ಟಿಕೆಟ್ ಅಗ್ಗವಿದ್ದಾಗಲೂ, ಹೊರಡುವ ಹೊತ್ತು ಅನುಕೂಲವಾಗಿದ್ದಾಗಲೂ, ನನ್ನ ಗೋಲ್ಡ್ ಕಾರ್ಡಿನ ಮುಖ ನೋಡಿಕೊಂಡು ಇವರ ವಿಮಾನವನ್ನೇ ಹತ್ತುತ್ತಿದ್ದೆ. ಈಗ ಅದೇ ದೂರ, ಅದೇ ಸೀಟು, ಅದೇ ನಾನು. ಹೊಸ ಲೆಕ್ಕದಲ್ಲಿ ಗೋಲ್ಡ್ ಹಾಗಿರಲಿ, ಸಿಲ್ವರ್ ಮುಟ್ಟಿದರೆ ಹೆಚ್ಚು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದು ಗಾದೆ ಮಾಡಿದವರು ಪ್ರಯಾಣಿಕನನ್ನು ಹಂಗಿಸಿದರು. ಇಲ್ಲಿ ನಡುಹೊಳೆಯಲ್ಲಿ ಅಂಬಿಗನೇ ‘ನೀವು ಯಾರು?’ ಎಂದು ಕೇಳುತ್ತಿದ್ದಾನೆ.

ಹಾಗಾಗಿ ಹೊಸ ಫ್ರೀಕ್ವೆಂಟ್ ಫ್ಲೈಯರ್ ಯೋಜನೆ ಹುಡುಕುತ್ತಿದ್ದೇನೆ. ಹುಡುಕುತ್ತಾ ಹೋದಷ್ಟೂ ಸಿಟ್ಟು ಏರುತ್ತಿದೆ, ಆದ್ದರಿಂದ ಈ ಬರಹ.

ಈ ವ್ಯವಹಾರ ಶುರುವಾದದ್ದು ಸರಳವಾಗಿಯೇ. 1981ರ ಮೇ ತಿಂಗಳಲ್ಲಿ ಅಮೆರಿಕನ್ ಏರ್‌ಲೈನ್ಸ್ ‘ಅಡ್ವಾಂಟೇಜ್’ ಯೋಜನೆ ತಂದಿತು. ಕೆಲವೇ ದಿನಗಳಲ್ಲಿ ಯುನೈಟೆಡ್ ಕೂಡ ತನ್ನದನ್ನು ತಂದಿತು. ಹಾರಿದಷ್ಟು ಮೈಲಿ ನಿಮ್ಮ ಖಾತೆಗೆ, ಕೂಡಿಬಿದ್ದ ಮೈಲಿಗೆ ಪುಕ್ಕಟೆ ಟಿಕೆಟ್. ಹೇಗೂ ಖಾಲಿ ಹೋಗುವ ಸೀಟು, ಅದನ್ನು ಹಳೆಯ ಗಿರಾಕಿಗೆ ಕೊಟ್ಟರೆ ಇಬ್ಬರಿಗೂ ಲಾಭ. ಇದರಲ್ಲಿ ಯಾರಿಗೂ ತಕರಾರಿರಲಿಲ್ಲ. ತಕರಾರು ಹುಟ್ಟಿದ್ದು ಮೈಲಿಯ ಜಾಗಕ್ಕೆ ಹಣ ಬಂದು ಕುಳಿತಾಗ. 2014ರಲ್ಲಿ ಅಮೆರಿಕದ ಇನ್ನೊಂದು ಕಂಪನಿ ಡೆಲ್ಟಾ, ಸ್ಟೇಟಸ್ (ಅಂದರೆ ಆ ಸಿಲ್ವರ್, ಗೋಲ್ಡ್ ದರ್ಜೆ) ಬೇಕಿದ್ದರೆ ಮೈಲಿಯ ಜೊತೆಗೆ ಇಂತಿಷ್ಟು ಡಾಲರ್ ಖರ್ಚೂ ಆಗಿರಬೇಕು ಎಂದಿತು. 2024ಕ್ಕೆ ಬರುವಷ್ಟರಲ್ಲಿ ಮೈಲಿಯನ್ನು ಪೂರ್ತಿ ಕೈಬಿಟ್ಟು ಡಾಲರನ್ನಷ್ಟೇ ಉಳಿಸಿಕೊಂಡಿತು. ಬ್ರಿಟಿಷ್ ಏರ್‌ವೇಸ್ ತನ್ನ ಬದಲಾವಣೆಯನ್ನು 2024ರ ಡಿಸೆಂಬರ್ 30ರಂದು ಘೋಷಿಸಿತು. ಹೊಸ ವರ್ಷದ ಹಿಂದುಮುಂದಿನ ದಿನಗಳಲ್ಲಿ ಜನ ಇಮೇಲ್ ನೋಡುವುದಿಲ್ಲ ಎಂದು ಅಲ್ಲಿ ಯಾರಿಗೂ ಹೊಳೆದಿರಲಾರದು, ಪಾಪ! 2025ರ ಏಪ್ರಿಲ್‌ನಿಂದ ಅಲ್ಲಿ ಗೋಲ್ಡ್ ಬೇಕೆಂದರೆ 20,000 ಟಿಯರ್ ಪಾಯಿಂಟ್, ಅಂದರೆ ದರ್ಜೆಯ ಅಂಕ. ಕೊಟ್ಟ ಒಂದು ಪೌಂಡಿಗೆ ಒಂದು ಪಾಯಿಂಟ್. ಅದಕ್ಕೆ ಮೊದಲು ಬೇಕಿದ್ದುದು 1,500. ಆ ಪಾಯಿಂಟು ದೂರ ಮತ್ತು ಕ್ಯಾಬಿನ್ ನೋಡಿ ಸಿಗುತ್ತಿತ್ತು. ಕಿಸೆ ಸಣ್ಣದಿದ್ದವರೂ ದಾರಿಯನ್ನು ಜಾಣತನದಿಂದ ಹೆಣೆದು ಗೋಲ್ಡ್ ಮುಟ್ಟುತ್ತಿದ್ದರು. ಈಗ ಜಾಣತನಕ್ಕೆ ಬೆಲೆಯಿಲ್ಲ.

‘ಅದು ವ್ಯಾಪಾರ ಕಣಯ್ಯಾ, ಹೆಚ್ಚು ಕೊಟ್ಟವನಿಗೆ ಹೆಚ್ಚು ಮರ್ಯಾದೆ ಇದ್ದದ್ದೇ’ ಎಂದು ನನ್ನ ಗೆಳೆಯನೊಬ್ಬ ಪಾಠ ಹೇಳಿದ. ಒಪ್ಪಿದೆ. ಹಾಗಾದರೆ ‘ನಿಷ್ಠಾವಂತ ಸದಸ್ಯರೇ’ ಎಂದು ಯಾಕೆ ಸಂಬೋಧಿಸಬೇಕು? ಒಂದೇ ಒಂದು ದುಬಾರಿ ಟಿಕೆಟ್ ಕೊಂಡು ಮತ್ತೆ ಮುಖ ತೋರಿಸದವನು, ವರ್ಷವಿಡೀ ಹಿಂದಿನ ಸಾಲಿನ ನಡುಸೀಟಿನಲ್ಲಿ ಮೊಣಕಾಲು ಮಡಚಿ ಕುಳಿತವನಿಗಿಂತ ನಿಷ್ಠಾವಂತ ಎನ್ನುವುದಾದರೆ ನೇರವಾಗಿ ‘ಶ್ರೀಮಂತ ಸದಸ್ಯರೇ’ ಎಂದುಬಿಡಲಿ. ನನಗೆ ಆ ಪತ್ರ ಬರುವುದೂ ತಪ್ಪುತ್ತದೆ.

ಅಸಲಿಗೆ ಇದು ವಿಮಾನದ ವ್ಯಾಪಾರವಾಗಿ ಉಳಿದೇ ಇಲ್ಲ. 2020ರಲ್ಲಿ ಕೋವಿಡ್‌ನಿಂದ ವಿಮಾನಗಳೆಲ್ಲ ನೆಲ ಹಿಡಿದಾಗ ಯುನೈಟೆಡ್ ಏನನ್ನು ಅಡವಿಟ್ಟಿತು ಗೊತ್ತೇ? ತನ್ನ ‘ಮೈಲೇಜ್‌ಪ್ಲಸ್’ ಯೋಜನೆಯನ್ನು. ಅದರ ಮೇಲೆ 6.8 ಬಿಲಿಯನ್ ಡಾಲರ್ ಎತ್ತಿತು. ಡೆಲ್ಟಾ ‘ಸ್ಕೈಮೈಲ್ಸ್’ ತೋರಿಸಿ 9 ಬಿಲಿಯನ್, ಮರುವರ್ಷ ಅಮೆರಿಕನ್ ‘ಅಡ್ವಾಂಟೇಜ್’ ತೋರಿಸಿ 10 ಬಿಲಿಯನ್. ಹಾರುವ ವಿಮಾನಕ್ಕೆ ಸಾಲ ಹುಟ್ಟದ ಕಾಲದಲ್ಲಿ ನಮ್ಮ ಮೈಲಿ ಪುಸ್ತಕಕ್ಕೆ ಸಾಲ ಹುಟ್ಟಿತು! ಯಾಕೆಂದರೆ ಬ್ಯಾಂಕುಗಳು ಕ್ರೆಡಿಟ್ ಕಾರ್ಡ್ ಗಿರಾಕಿಗಳಿಗೆ ಹಂಚಲು ಈ ಮೈಲಿಗಳನ್ನು ಕಂಪನಿಯಿಂದ ರಾಶಿಗಟ್ಟಲೆ ಕೊಳ್ಳುತ್ತವೆ. ಒಳ್ಳೆಯ ಗಿರಾಕಿ ಎಂದರೆ ಈಗ ಕಾರ್ಡ್ ಉಜ್ಜುವವನು. ಅಮೆರಿಕನ್‌ನಲ್ಲಂತೂ 2022ರಿಂದ ಕಾರ್ಡಿನ ಖರ್ಚೂ ಸೇರಿಯೇ ಸ್ಟೇಟಸ್ ಲೆಕ್ಕ.

ಸರಿ, ಬೈದದ್ದಾಯಿತು. ಆಯ್ಕೆ ಹೇಗೆ?

ವಿಮಾನ ಕಂಪನಿಗಳು ಸೇರಿ ಕಟ್ಟಿಕೊಂಡ ಮೂರು ಕೂಟಗಳಿವೆ: 1997ರ ಸ್ಟಾರ್ ಅಲಯನ್ಸ್, 1999ರ ಒನ್‌ವರ್ಲ್ಡ್, 2000ದ ಸ್ಕೈಟೀಮ್. ನೀವು ಹೆಚ್ಚಾಗಿ ಓಡಾಡುವ ದಾರಿಯಲ್ಲಿ ಯಾವ ಕೂಟದ ವಿಮಾನಗಳು ಹೆಚ್ಚೋ ಅದು ನಿಮ್ಮ ಕೂಟ. ಇಲ್ಲಿ ಯೋಚಿಸುವಂಥದ್ದೇನೂ ಇಲ್ಲ. ಯೋಚಿಸಬೇಕಾದದ್ದು ಇದರ ನಂತರ. ಬಹುಪಾಲು ಜನ ಯಾವ ಕಂಪನಿಯ ವಿಮಾನ ಹತ್ತುತ್ತಾರೋ ಅದೇ ಕಂಪನಿಯ ಯೋಜನೆಗೆ ಹೆಸರು ಬರೆಸುತ್ತಾರೆ. ಆದರೆ ಅದೇ ಕೂಟದ ಇನ್ನೊಂದು ಕಂಪನಿಯ ಸದಸ್ಯತ್ವ ಸಂಖ್ಯೆಯನ್ನೂ ಆ ಟಿಕೆಟಿಗೆ ಹಾಕಬಹುದು. ಹಾಕಿದರೆ ಕೆಲವೊಮ್ಮೆ ಮನೆಯವರಿಗಿಂತ ನೆಂಟರಿಗೇ ಉಪಚಾರ ಜಾಸ್ತಿ.

ಉದಾಹರಣೆಗೆ ಯುನೈಟೆಡ್. ಅದರದೇ ಪ್ರೀಮಿಯರ್ ಗೋಲ್ಡ್ ಸದಸ್ಯ ಅಮೆರಿಕದೊಳಗಿನ ಪ್ರಯಾಣಕ್ಕೆ ಹೊರಟಾಗ ಯುನೈಟೆಡ್ ಕ್ಲಬ್ ಲೌಂಜಿನ (ನಿಲ್ದಾಣದಲ್ಲಿ ಆರಾಮಾಗಿ ಕಾಯುವ ಕೋಣೆಯ) ಬಾಗಿಲಿಗೆ ಹೋದರೆ, ಬರಿಯ ಆ ಕಾರ್ಡ್ ನೋಡಿ ಒಳಗೆ ಬಿಡುವುದಿಲ್ಲ. ಅದೇ ವಿಮಾನ ಹತ್ತಲಿರುವ, ಸ್ಟಾರ್ ಅಲಯನ್ಸಿನ ಬೇರೊಂದು ಕಂಪನಿಯ ಗೋಲ್ಡ್ ಸದಸ್ಯನನ್ನು, ಅವನ ಜೊತೆಗಿರುವ ಒಬ್ಬ ಅತಿಥಿಯನ್ನೂ ಸೇರಿಸಿ, ಬರಮಾಡಿಕೊಳ್ಳುತ್ತಾರೆ. ವರ್ಷಪೂರ್ತಿ ಯುನೈಟೆಡ್‌ಗೇ ಹಣ ಸುರಿದವನು ಗಾಜಿನ ಬಾಗಿಲಿನ ಹೊರಗೆ ಪವರ್ ಪ್ಲಗ್ ಹುಡುಕುತ್ತಾ ನೆಲದ ಮೇಲೆ ಕುಳಿತಿರುತ್ತಾನೆ. ಅಮೆರಿಕನ್ ಏರ್‌ಲೈನ್ಸಿನ ಪ್ಲಾಟಿನಂ ಸದಸ್ಯನಿಗೂ ಒಳನಾಡಿನ ಹಾರಾಟದಲ್ಲಿ ಇದೇ ಗತಿ. ಅದೇ ಒನ್‌ವರ್ಲ್ಡ್ ಕೂಟದ ಬ್ರಿಟಿಷ್ ಏರ್‌ವೇಸಿನ ಸಿಲ್ವರ್ ಕಾರ್ಡ್ ಹಿಡಿದವನು ಅವನ ಪಕ್ಕದಲ್ಲೇ ಹಾದು ಒಳಗೆ ಹೋಗುತ್ತಾನೆ. ಇದು ಕಣ್ತಪ್ಪಲ್ಲ. ನಿಯಮ ಪುಸ್ತಕದಲ್ಲಿ ಬರೆದಿಟ್ಟ ವ್ಯವಸ್ಥೆ. ಇದನ್ನು ಮೊದಲು ಓದಿದಾಗ ನನಗೆ ನಗು ಬಂತು. ಎರಡನೆಯ ಸಲ ಓದಿದಾಗ ಬರಲಿಲ್ಲ.

ಇನ್ನು ಟಿಕೆಟಿನ ಮೇಲಿನ ಆ ಒಂಟಿ ಅಕ್ಷರ. ಟಿಕೆಟನ್ನು ತೆರೆದು ನೋಡಿ: ‘ಎಕಾನಮಿ’ ಎಂದು ಬರೆದ ಕಡೆ ಪಕ್ಕದಲ್ಲಿ ಇಂಗ್ಲಿಷಿನ ಒಂದು ದೊಡ್ಡಕ್ಷರ ಕುಳಿತಿರುತ್ತದೆ. ಅದು ಬುಕಿಂಗ್ ಕ್ಲಾಸ್. ಒಂದೇ ಸಾಲಿನ ಮೂರು ಸೀಟಿನಲ್ಲಿ ಕುಳಿತ ಮೂವರಿಗೆ ಮೂರು ಅಕ್ಷರ ಇರಬಹುದು. ಒಬ್ಬರಿಗೆ ದೂರದ ನೂರಕ್ಕೆ ನೂರು ಮೈಲಿ, ಇನ್ನೊಬ್ಬರಿಗೆ ಅರ್ಧ, ಮೂರನೆಯವರಿಗೆ ಸೊನ್ನೆ. ಅದೇ ಅಕ್ಷರಕ್ಕೆ ಒಂದು ಯೋಜನೆ ಸೊನ್ನೆ ಕೊಟ್ಟರೆ ಮತ್ತೊಂದು ಯೋಜನೆ ಅರ್ಧ ಕೊಡುವುದೂ ಉಂಟು. ಆದ್ದರಿಂದ ಯೋಜನೆಗೆ ಸೇರುವ ಮೊದಲು ಮಾಡಬೇಕಾದ ಕೆಲಸವೆಂದರೆ, ನಿಮ್ಮ ಹಳೆಯ ಟಿಕೆಟುಗಳನ್ನು ಮುಂದಿಟ್ಟುಕೊಂಡು ಪ್ರತಿಯೊಂದರ ಅಕ್ಷರವನ್ನೂ ಆ ಯೋಜನೆಯ ಗಳಿಕೆ ಪಟ್ಟಿಯಲ್ಲಿ ಹುಡುಕುವುದು. ಬೇಸರದ ಕೆಲಸ, ನಿಜ. ಕಂಪನಿಗಳು ನಂಬಿ ಕುಳಿತಿರುವುದು ನಮ್ಮ ಆ ಬೇಸರವನ್ನೇ.

ಹೀಗೆ ಪಟ್ಟಿ ಹುಡುಕುತ್ತಾ ಕೆಲವನ್ನು ಪಕ್ಕಕ್ಕೆ ತೆಗೆದಿಟ್ಟಿದ್ದೇನೆ. ಸಿಂಗಪುರ ಏರ್‌ಲೈನ್ಸಿನ ‘ಕ್ರಿಸ್‌ಫ್ಲೈಯರ್’ನಲ್ಲಿ ಎಲೈಟ್ ಗೋಲ್ಡ್‌ಗೆ ಹನ್ನೆರಡು ತಿಂಗಳಲ್ಲಿ 50,000 ಎಲೈಟ್ ಮೈಲಿ (ದರ್ಜೆಗೆ ಎಣಿಸುವ ಮೈಲಿ). ದೂರಕ್ಕೆ ಇನ್ನೂ ಮರ್ಯಾದೆ ಇದೆ, ಆದರೆ ಅಗ್ಗದ ಅಕ್ಷರಗಳಿಗೆ ಕೈ ಬಿಗಿ. ಲುಫ್ತಾನ್ಸಾದ ‘ಮೈಲ್ಸ್ ಅಂಡ್ ಮೋರ್’ನಲ್ಲಿ ಸೆನೆಟರ್ (ಅವರ ಗೋಲ್ಡ್) ಆಗಲು ವರ್ಷಕ್ಕೆ 2,000 ಪಾಯಿಂಟ್, ಅದರಲ್ಲಿ 1,000 ಅವರ ಬಳಗದ ವಿಮಾನಗಳಲ್ಲೇ ಬಂದಿರಬೇಕು. ಬೇರೆಯವರಲ್ಲಿ ಹಾರಿ ಇಲ್ಲಿ ಜಮಾ ಮಾಡುತ್ತೇನೆಂದರೆ ಅರ್ಧ ದಾರಿಯಲ್ಲೇ ನಿಲ್ಲಿಸುತ್ತಾರೆ. ಯುನೈಟೆಡ್ ಕೂಡ ಕನಿಷ್ಠ ನಾಲ್ಕು ಹಾರಾಟ ತನ್ನಲ್ಲೇ ಆಗಿರಬೇಕು ಎನ್ನುತ್ತದೆ.

ನನ್ನ ಮನಸ್ಸು ಸದ್ಯ ವಾಲಿರುವುದು ಏರ್ ಫ್ರಾನ್ಸ್ ಮತ್ತು ಕೆಎಲ್‌ಎಂಗಳ ‘ಫ್ಲೈಯಿಂಗ್ ಬ್ಲೂ’ ಕಡೆಗೆ. ಅಲ್ಲಿ ಎಕ್ಸ್‌ಪಿ ಎಂಬ ಅಂಕ. ಟಿಕೆಟಿನ ಬೆಲೆ ನೋಡುವುದಿಲ್ಲ. ಕ್ಯಾಬಿನ್ ಯಾವುದು, ದೂರದ ಯಾವ ಹಂತ ಎಂದಷ್ಟೇ ನೋಡುತ್ತದೆ. ಎಕಾನಮಿಯಲ್ಲಿ ಮಧ್ಯಮ ದೂರಕ್ಕೆ 5, ದೂರ ಹೆಚ್ಚಿದಂತೆ 8, 10, 12. ಬಿಸಿನೆಸ್ ಆದರೆ ಅದರ ಮೂರು ಪಟ್ಟು. ಪ್ರತಿ ಹಾರಾಟಕ್ಕೂ ಬೇರೆ ಅಂಕವಾದ್ದರಿಂದ ನೇರ ವಿಮಾನ ಬಿಟ್ಟು ನಡುವೆ ಒಮ್ಮೆ ಇಳಿದು ಹತ್ತಿದರೆ ಖಾತೆ ಬೇಗ ತುಂಬುತ್ತದೆ. ಬೆನ್ನು ನೋಯುತ್ತದೆ, ಇರಲಿ. ಗೋಲ್ಡ್‌ಗೆ 180 ಎಂದು ದೊಡ್ಡದಾಗಿ ಬರೆದಿದ್ದಾರೆ. ಆದರೆ ಸಿಲ್ವರ್ ಮುಟ್ಟಿದ ಕೂಡಲೇ ಅದರ 100 ಅಂಕವನ್ನು ಖಾತೆಯಿಂದ ಕಳೆಯುತ್ತಾರೆ. ಆಮೇಲೆ ಮತ್ತೆ 180. ಮೊದಲ ಮೆಟ್ಟಿಲಿನಿಂದ ಹೊರಟವನಿಗೆ ಒಟ್ಟು 280. ಮೂಗಿಗೆ ತುಪ್ಪ ಸವರುವುದರಲ್ಲಿ ಇವರೂ ಹಿಂದೆ ಬಿದ್ದಿಲ್ಲ. ಆದರೂ ತುಪ್ಪ ನಾಲಗೆಗೆ ಎಟುಕುವಷ್ಟು ಹತ್ತಿರದಲ್ಲಿದೆ ಅನ್ನಿಸುತ್ತಿದೆ.

ಆದರೆ ಯಾವುದನ್ನೇ ಆರಿಸಿಕೊಂಡರೂ ಅದು ಇದ್ದಲ್ಲೇ ಇರುತ್ತದೆ ಎಂಬ ಭರವಸೆ ಉಂಟೇ? ಸ್ಟಾರ್ ಅಲಯನ್ಸನ್ನು ಕಟ್ಟಿದ ಐದು ಕಂಪನಿಗಳಲ್ಲಿ ಸ್ಕ್ಯಾಂಡಿನೇವಿಯಾದ ಎಸ್‌ಎಎಸ್ ಒಂದು. ಅದೇ 2024ರ ಆಗಸ್ಟ್ 31ಕ್ಕೆ ಅಲ್ಲಿಂದ ಎದ್ದು ಮರುದಿನ ಸ್ಕೈಟೀಮ್‌ನಲ್ಲಿ ಹೋಗಿ ಕುಳಿತಿತು. ಹುಟ್ಟಿಸಿದವರೇ ಬಿಟ್ಟುಹೋಗಬಹುದು! ನಾನು ಒಂದು ಸಲ ಬೇರೆ ವಿಮಾನ ಹತ್ತಿದರೆ ಮಾತ್ರ ‘ನಿಮ್ಮನ್ನು ಕಾಣದೆ ಬಹಳ ದಿನಗಳಾದವು’ ಎಂದು ವಿರಹದ ಇಮೇಲ್.

ಈಗ ಬರುವ ಪ್ರಶ್ನೆ ಗೊತ್ತು. ‘ಸ್ಟೇಟಸ್ಸೇ ಯಾಕೆ? ಅಗ್ಗದ ಟಿಕೆಟ್ ತೆಗೆದುಕೋ, ಲೌಂಜ್ ಬೇಕಾದಾಗ ದುಡ್ಡು ಕೊಟ್ಟು ಹೋಗು.’ ಲೆಕ್ಕದ ಪ್ರಕಾರ ಇದು ಸರಿಯಾದ ಮಾತು, ಅದಕ್ಕೇ ಇಷ್ಟವಾಗುವುದಿಲ್ಲ. ಈ ಮಾತು ಹೇಳುವವರು ರಾತ್ರಿ ಕೊನೆಯ ವಿಮಾನ ರದ್ದಾದಾಗ ಕೌಂಟರಿನ ಮುಂದಿನ ಸಾಲಿನಲ್ಲಿ ನಿಂತವರಲ್ಲ. ಆ ಸಾಲು ತೆವಳುತ್ತದೆ. ಮುಂದಿನ ವಿಮಾನದಲ್ಲಿ ಉಳಿದಿರುವ ಸೀಟುಗಳು ನಿಮ್ಮ ಕಣ್ಣೆದುರೇ ಒಂದೊಂದಾಗಿ ಹೋಗುತ್ತವೆ. ಆಗ ಕಾರ್ಡ್ ಇದ್ದವನಿಗೆ ಪಕ್ಕದಲ್ಲಿ ಬೇರೆ ಸಾಲು, ಬೇರೆ ಫೋನ್ ಸಂಖ್ಯೆ. ಲೌಂಜಿನ ಮೆತ್ತನೆಯ ಕುರ್ಚಿಯನ್ನು ದುಡ್ಡಿಗೆ ಕೊಳ್ಳಬಹುದು, ಆ ಸಂಖ್ಯೆಯನ್ನು ಕೊಳ್ಳಲಾಗುವುದಿಲ್ಲ.

ಇದೆಲ್ಲ ತರ್ಕದ ಮಾತು. ನಿಮ್ಮ ಮುಂದೆ ಮುಚ್ಚಿಡುವುದೇನು, ನನಗೆ ಆ ಸಣ್ಣ ಮರ್ಯಾದೆ ಬಹಳ ಹಿಡಿಸುತ್ತದೆ. ಬೆಲ್ಟಿನ ಮೇಲೆ ‘ಪ್ರಯಾರಿಟಿ’ ಪಟ್ಟಿ ಕಟ್ಟಿಕೊಂಡ ನನ್ನ ಸವೆದ ಸೂಟ್‌ಕೇಸ್ ಹೊಳೆಯುವ ದುಬಾರಿ ಪೆಟ್ಟಿಗೆಗಳಿಗಿಂತ ಮುಂಚೆ ಉರುಳಿ ಬರುವುದನ್ನು ನೋಡುವಾಗ ಆಗುವ ಸಂತೋಷ, ಕರೆದ ಮೊದಲ ಗುಂಪಿನಲ್ಲೇ ಎದ್ದು ಹೋಗುವಾಗಿನ ಆ ಗತ್ತು... ನಗಬೇಡಿ. ದಿನವಿಡೀ ಎಲ್ಲ ಕಡೆ ಸಾಲಿನ ಬಾಲದಲ್ಲೇ ನಿಲ್ಲುವವರಿಗೆ ಇಷ್ಟೂ ಬೇಡವೇ?

ಕೂಗಾಡಿ ಪ್ರಯೋಜನವಿಲ್ಲ ಎನ್ನುವವರಿಗೂ ಒಂದು ಮಾತು. 2023ರಲ್ಲಿ ಡೆಲ್ಟಾ ತನ್ನ ಅತಿ ಮೇಲಿನ ಡೈಮಂಡ್ ಸ್ಟೇಟಸ್ಸಿಗೆ ಖರ್ಚಿನ ಮಿತಿಯನ್ನು 35,000 ಡಾಲರಿಗೆ ಏರಿಸುತ್ತೇನೆಂದು ಹೊರಟಿತ್ತು. ಸದಸ್ಯರು ರೊಚ್ಚಿಗೆದ್ದರು. ಕೆಲವೇ ವಾರಗಳಲ್ಲಿ ಅದು 28,000ಕ್ಕೆ ಇಳಿಯಿತು. ಅತಿಯಾಯಿತು ಎಂದು ಮುಖ್ಯಸ್ಥ ಎಡ್ ಬಾಸ್ಟಿಯನ್ ಅವರೇ ಒಪ್ಪಿಕೊಂಡರು. ಏರಿಕೆ ನಿಲ್ಲಲಿಲ್ಲ, ನಿಜ. ಆದರೂ ಏಳು ಸಾವಿರ ಡಾಲರ್ ಕೂಗಿಗೆ ಸಣ್ಣ ಬೆಲೆಯೇನಲ್ಲ.

ಉಳಿದದ್ದು ಸ್ಟೇಟಸ್ ಮ್ಯಾಚ್. ಒಂದು ಕಂಪನಿಯ ಗೋಲ್ಡ್ ತೋರಿಸಿದರೆ ಎದುರಾಳಿ ಕಂಪನಿ ಕೆಲವು ತಿಂಗಳ ಮಟ್ಟಿಗೆ ತನ್ನ ಗೋಲ್ಡ್ ಕೊಡುತ್ತದೆ. ಆ ಅವಧಿಯಲ್ಲಿ ಇಂತಿಷ್ಟು ಹಾರಿದರೆ ಕಾಯಂ ಮಾಡುತ್ತದೆ. ಸಾಮಾನ್ಯವಾಗಿ ಇದನ್ನು ಮತ್ತೆ ಮತ್ತೆ ಕೊಡುವುದಿಲ್ಲ. ಆದ್ದರಿಂದ ಪ್ರಯಾಣಗಳು ದಟ್ಟವಾಗಿರುವ ತಿಂಗಳುಗಳಿಗೆ ಸ್ವಲ್ಪ ಮುಂಚೆ ಕೇಳಬೇಕು, ಮತ್ತು ಹಳೆಯ ಕಾರ್ಡಿನ ಅವಧಿ ಮುಗಿಯುವ ಮೊದಲೇ ಕೇಳಬೇಕು. ಸತ್ತ ಕಾರ್ಡನ್ನು ಯಾರೂ ಮುಟ್ಟುವುದಿಲ್ಲ. ನನ್ನ ಕಾರ್ಡಿಗೆ ಇನ್ನೂ ಜೀವವಿದೆ. ಅದರ ಚಿತ್ರವನ್ನೂ, ಕಳೆದ ವರ್ಷದ ಪ್ರಯಾಣದ ಪಟ್ಟಿಯನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೇನೆ. ಪ್ರತಿಸ್ಪರ್ಧಿಯ ಮನೆಗೆ ಹೋಗಲು ಹಳೆಯವರ ಕಾರ್ಡೇ ರಹದಾರಿಯಾಗುತ್ತದೆ ಎನ್ನುವುದೊಂದೇ ಇವತ್ತಿನ ಮಟ್ಟಿಗೆ ನನಗಿರುವ ಖುಷಿ.

ಫ್ಲೈಯಿಂಗ್ ಬ್ಲೂನಲ್ಲಿ ಖಾತೆ ಇರುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ: ಅಗ್ಗದ ಎಕಾನಮಿ ಟಿಕೆಟಿಗೆ ಪಾಲುದಾರ ಕಂಪನಿಗಳ ವಿಮಾನದಲ್ಲೂ ಎಕ್ಸ್‌ಪಿ ತಕರಾರಿಲ್ಲದೆ ಬೀಳುತ್ತಿದೆಯೇ? ಬೀಳದಿದ್ದಾಗ ಬೋರ್ಡಿಂಗ್ ಪಾಸ್ ಕಳಿಸಿ ಕೇಳಿದರೆ ಸರಿಪಡಿಸುತ್ತಾರೆಯೇ? ಅನುಭವ ಇದ್ದವರು ಮಾತ್ರ ಹೇಳಿ. ‘ಮನೆಯಲ್ಲೇ ಇರಬಾರದೇ’ ಎನ್ನುವವರ ಅಭಿಪ್ರಾಯ ನನಗೆ ಮನೆಯಲ್ಲೇ ಪುಕ್ಕಟೆಯಾಗಿ ಸಿಗುತ್ತಿದೆ.