ಹುಬ್ಬಳ್ಳಿ–ಧಾರವಾಡ, ವ್ಹಾಯಾ ಲಕ್ಸೆಂಬರ್ಗ್

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೆಚ್ಚೆಂದರೆ 20 ಕಿಲೋಮೀಟರು. ಮಂದಿ ಚಿಗರಿ ಬಸ್ ಹತ್ತಿ ನವಲೂರು ದಾಟಿ ಹೋಗಿಬಿಡುತ್ತಾರೆ. ರೊಕ್ಕಕ್ಕೆ ಮಾತ್ರ ಈ ಸೀದಾ ದಾರಿ ಸೇರುವುದಿಲ್ಲ. ಕೊಪ್ಪೀಕರ್ ರಸ್ತೆಯಲ್ಲಿ ಕೂತು ‘ಎಮರ್ಜಿಂಗ್ ಮಾರ್ಕೆಟ್’ (ಬೆಳೆಯುತ್ತಿರುವ ದೇಶಗಳ ಷೇರು ಕೊಳ್ಳುವ) ಫಂಡಿಗೆ ಹಾಕಿದ ಹಣ ಮುಂಬಯಿಗೆ ಹೋಗಿ ಡಾಲರ್ ಆಗುತ್ತದೆ, ಲಕ್ಸೆಂಬರ್ಗಿನ ಮೂಲ ಫಂಡು ಸೇರುತ್ತದೆ, ತೈವಾನ್, ಚೀನಾ, ಕೊರಿಯಾ ಸುತ್ತುತ್ತದೆ. ಕೊನೆಗೆ ಅದರಲ್ಲೊಂದು ಪಾಲು ಮುಂಬಯಿಗೇ ವಾಪಸ್ ಬಂದು ಎಚ್‌ಡಿಎಫ್‌ಸಿ ಬ್ಯಾಂಕಿನ ಷೇರು ಕೊಳ್ಳುತ್ತದೆ. ಯಾಕಂದರೆ ಆ ‘ಉದಯಿಸುತ್ತಿರುವ’ ದೇಶಗಳ ಪಟ್ಟಿಯಲ್ಲಿ ಭಾರತವೂ ಇದೆ. ಬ್ಯಾಂಕಿನ ಶಾಖೆ ಊರಲ್ಲೇ ಇತ್ತಲ್ರಿ ಅಂದರೆ, ‘ಇದು ಡೈವರ್ಸಿಫಿಕೇಶನ್ ರೀ, ರೊಕ್ಕ ಹತ್ತು ಕಡೆ ಹಂಚಿಡೋದು’ ಎಂಬ ಉತ್ತರ.

ಈ ಬಸ್ಸಿಗೆ ಇಬ್ಬರು ಕಂಡಕ್ಟರು. ಇಲ್ಲಿನ ಫಂಡ್ ಆಫ್ ಫಂಡ್, ಅಂದರೆ ಇನ್ನೊಂದು ಫಂಡಿಗೇ ಹಣ ಹಾಕುವ ಫಂಡು, ಒಂದು ಟಿಕೆಟ್ ಹರಿಯುತ್ತದೆ, ಲಕ್ಸೆಂಬರ್ಗಿನ ಫಂಡು ಇನ್ನೊಂದು. ಎರಡೂ ಸೇರಿ ಖರ್ಚು 1.8 ಪರ್ಸೆಂಟ್ ಆಯಿತೆನ್ನಿ, ಲಕ್ಷಕ್ಕೆ ವರ್ಷಕ್ಕೆ 1,800 ರೂಪಾಯಿ, ಲಾಭವಿರಲಿ ಲುಕ್ಸಾನಿರಲಿ. ಕೈಯಿಂದ ಕೊಡುವುದಲ್ಲ, ಎನ್‌ಎವಿಯಲ್ಲೇ (ಫಂಡಿನ ಒಂದು ಯೂನಿಟ್ಟಿನ ಬೆಲೆಯಲ್ಲೇ) ದಿನಾ ಸೋರುತ್ತದೆ, ಹಾಗಾಗಿ ನೋಯುವುದಿಲ್ಲ.

ಹೆಸರಿನ ಕಥೆಯೂ ಚಂದ. 1981ರಲ್ಲಿ ವಿಶ್ವಬ್ಯಾಂಕ್ ಬಳಗದ ಆಂಟೊಯ್ನ್ ವಾನ್ ಆಗ್ಟ್‌ಮೇಲ್ ‘ಥರ್ಡ್ ವರ್ಲ್ಡ್ ಫಂಡ್’ ಮಾಡೋಣ ಎಂದರಂತೆ. ಈ ಹೆಸರಿಗೆ ಗಿರಾಕಿ ಸಿಗುವುದಿಲ್ಲ ಎಂದರು ಕೇಳಿದವರು. ‘ಎಮರ್ಜಿಂಗ್’ ಹುಟ್ಟಿದ್ದು ಹಾಗೆ. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿ ಹುಬ್ಳಿ ಹೋಗಿ ಹುಬ್ಬಳ್ಳಿ ಬಂದಾಗಲೂ ರಸ್ತೆಯ ತೆಗ್ಗುಗಳಿಗೆ ಸುದ್ದಿ ಮುಟ್ಟಿರಲಿಲ್ಲ. ಇನ್ನು ದಕ್ಷಿಣ ಕೊರಿಯಾ: ದೇಶಗಳನ್ನು ಹೀಗೆ ವಿಂಗಡಿಸುವ ಎಫ್‌ಟಿಎಸ್‌ಇ ಸೂಚ್ಯಂಕದವರು 2009ರಲ್ಲೇ ಅದನ್ನು ಮುಂದುವರಿದ ದೇಶವೆಂದು ಪಾಸ್ ಮಾಡಿದರು, ಅಂಥದೇ ಇನ್ನೊಂದು ಸಂಸ್ಥೆ ಎಂಎಸ್‌ಸಿಐನವರು ಇನ್ನೂ ‘ಎಮರ್ಜಿಂಗ್’ ಕ್ಲಾಸಿನಲ್ಲೇ ಕೂರಿಸಿದ್ದಾರೆ. ಅವರ ಪಟ್ಟಿಯಲ್ಲಿ 24 ದೇಶಗಳಿವೆ, ಆದರೆ ಸುಮಾರು ಮುಕ್ಕಾಲು ಹಣ ನಾಲ್ಕೇ ದೇಶಗಳಲ್ಲಿ. ಮಂಡಕ್ಕಿ ಕಾಣದ ಗಿರಮಿಟ್‌ನಂತೆ, ಬರೇ ಉಳ್ಳಾಗಡ್ಡಿ.

ಧಾರವಾಡದವರಿಗೆ ಒಂದು ಕಲ್ಪನೆ: ನಾಳೆ ಮುಂಜಾನೆ ಸರಕಾರ ‘ಟ್ಯೂಷನ್‌ನಲ್ಲಿ ಲಾಭ ಮಾಡಕೂಡದು’ ಎಂದರೆ ಕೋಚಿಂಗ್ ಕ್ಲಾಸುಗಳೇ ತುಂಬಿದ ಸಪ್ತಾಪುರದ ಗತಿ ಏನಾದೀತು? ಚೀನಾ 2021ರ ಜುಲೈನಲ್ಲಿ ಇದನ್ನೇ ಮಾಡಿತು. ಟಿಎಎಲ್ ಎಂಬ ಕೋಚಿಂಗ್ ಕಂಪನಿಯ ಷೇರು ಒಂದೇ ದಿನಕ್ಕೆ 70 ಪರ್ಸೆಂಟ್ ಕುಸಿಯಿತು. ರಷ್ಯಾದ್ದು ಇನ್ನೂ ಸ್ವಚ್ಛ: ಉಕ್ರೇನ್ ಯುದ್ಧದ ಬೆನ್ನಿಗೆ 2022ರ ಮಾರ್ಚ್ 9ರಂದು ಎಂಎಸ್‌ಸಿಐ ಅಲ್ಲಿನ ಷೇರುಗಳನ್ನೆಲ್ಲ ಹೆಚ್ಚುಕಡಿಮೆ ಸೊನ್ನೆ ಬೆಲೆಗೆ ಹೊರಹಾಕಿತು. ಕಂಪನಿಗಳು ಇದ್ದವು, ತೈಲವೂ ಇತ್ತು, ಮಾರುವ ದಾರಿ ಇರಲಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಎಷ್ಟು ಬಿದ್ದರೂ ಚೀಲವಾದರೂ ಮನೆಗೆ ಬರುತ್ತದೆ, ಖಾರ ಕುಟ್ಟಬಹುದು.

ಶಿಸ್ತಿನ ಮಾತೂ ಕೇಳಿರಬೇಕು, ತಿಂಗಳು ತಪ್ಪಿಸದೆ ಎಸ್‌ಐಪಿ ಕಟ್ಟಿರಿ ಅಂತ. 2022ರ ಫೆಬ್ರವರಿಯಲ್ಲಿ ತಪ್ಪಿಸಿದ್ದು ಫಂಡುಗಳೇ. ಇಡೀ ದೇಶದ ಮ್ಯೂಚುವಲ್ ಫಂಡುಗಳಿಗೆ ಸೇರಿ ಹೊರದೇಶದ ಹೂಡಿಕೆಗಿದ್ದ 700 ಕೋಟಿ ಡಾಲರ್ ಮಿತಿ ತುಂಬುತ್ತ ಬಂತು, ಹಲವು ಫಂಡುಗಳು ಹೊಸ ಹಣಕ್ಕೆ ಬಾಗಿಲು ಹಾಕಿದವು. ಹಾಕಿದ ಹಣ ತೆಗೆಯಲು ಹೋದರೆ ಐದು ಕೆಲಸದ ದಿನ ಹಿಡಿದೀತು. ಇನ್ನೊಂದು ತಮಾಷೆ, ರೂಪಾಯಿ ಬಿದ್ದಷ್ಟೂ ಈ ಫಂಡಿನ ಎನ್‌ಎವಿಗೆ ಬಲ. ಸಂಜೆ ಟಿವಿ ನೋಡುತ್ತ ದೇಶಕ್ಕಾಗಿ ಮರುಗಬೇಕೋ ಖುಷಿ ಪಡಬೇಕೋ, ಅದನ್ನು ಸ್ಕೀಮ್ ದಾಖಲೆಯಲ್ಲಿ ಬರೆದಿಲ್ಲ.

ಅಪಾಯ ಅಳೆಯಲು ರಿಸ್ಕೋಮೀಟರ್ ಇದೆ, ಆರು ಮನೆ. ಇಲ್ಲಿನದೇ ದೊಡ್ಡ ಕಂಪನಿಗಳ ನಿಫ್ಟಿ ಫಂಡಿನ ಮುಳ್ಳು ಕೊನೆಯ ಮನೆಯಲ್ಲಿ, ಇದರದೂ ಅಲ್ಲೇ. ಏಳನೇ ಮನೆ ಕಟ್ಟಲು ಪರವಾನಗಿ ಸಿಕ್ಕಿಲ್ಲ. ಆದ್ದರಿಂದ ಮುಳ್ಳು ಬಿಟ್ಟು ಫಂಡಿನ ವಿವರವಿರುವ ಫ್ಯಾಕ್ಟ್‌ಶೀಟ್ ತೆಗೆದು ಮೂರು ಸಾಲು ಓದಿರಿ: ದೇಶವಾರು ಪಾಲು, ಮೊದಲ ಹತ್ತು ಷೇರು, ಮೂಲ ಫಂಡಿನ ಖರ್ಚು. ಮೂರನೆಯದು ಹುಡುಕಲು ಕನ್ನಡಕ ಬೇಕು.

ಇಷ್ಟು ಕೇಳಿದರೆ ಏಜೆಂಟರು ನಗುತ್ತಾರೆ: ‘ಭಾಳ ವಿಚಾರ ಮಾಡ್ತೀರಿ ಸರ, ಲಾಂಗ್ ಟರ್ಮ್ ನೋಡ್ರಿ.’ ಆದಾಯ ತೆರಿಗೆಯವರ ಪ್ರಕಾರ ಈ ಫಂಡಿಗೆ ಲಾಂಗ್ ಟರ್ಮ್ ಅಂದರೆ 24 ತಿಂಗಳ ಮೇಲೆ, ಲಾಭಕ್ಕೆ 12.5 ಪರ್ಸೆಂಟ್ ತೆರಿಗೆ. ಏಜೆಂಟರ ಪ್ರಕಾರ, ಫಂಡು ಏಳುವ ತನಕ.