ಹುಷಾರಿಲ್ಲದ ರಾತ್ರಿಗೆ ಸಂಬಳ ಕೊಡುವವರು ಯಾರು?

ಕಾಯಿಲೆ ಬಿದ್ದ ನಟರನ್ನು ಧಾರಾವಾಹಿಯವರು ಹೇಳದೆ ಕೇಳದೆ ಬದಲಾಯಿಸುತ್ತಾರೆ ಎಂದು ಬರೆದಿದ್ದೀರಿ. ನಮ್ಮ ಹೊನ್ನಾವರ, ಕುಮಟಾ ಕಡೆಯ ಯಕ್ಷಗಾನದವರ ಪಾಡೂ ಅದೇ. ಮೇಳ (ಯಕ್ಷಗಾನ ತಂಡ) ಊರೂರು ಸುತ್ತಿ ಪ್ರದರ್ಶನ ಕೊಡುವ ತಿರುಗಾಟ ಶುರುವಾದರೆ ಮಳೆಗಾಲದವರೆಗೆ ನಿದ್ದೆಗೆಟ್ಟು ಕುಣಿಯಬೇಕು. ಮೈ ಸುಡುವ ಜ್ವರದಲ್ಲೂ ಬಣ್ಣ ಹಚ್ಚಿ ವೇಷ ಕಟ್ಟುವ ಚೌಕಿಯಲ್ಲಿ ಕೂತು ಮಾತ್ರೆ ನುಂಗಿ, ನೋಯುವ ಮೊಣಕಾಲಿಗೆ ಪಟ್ಟಿ ಸುತ್ತಿ, ಅದರ ಕೆಳಗೇ ಗೆಜ್ಜೆ ಕಟ್ಟಿಕೊಂಡು ರಂಗಕ್ಕೆ ಹೋಗುವವರನ್ನು ನೋಡಿದ್ದೇನೆ, ಯಾಕೆಂದರೆ ಎಷ್ಟೋ ಕಡೆ ವೇಷ ಮಾಡದಿದ್ದರೆ ಆ ರಾತ್ರಿಯ ಸಂಬಳ ಇಲ್ಲ.

ಹೆಸರಾಂತ ಯಕ್ಷಗಾನ ಕಲಾವಿದ ಕೆರೆಮನೆ ಶಂಭು ಹೆಗಡೆಯವರು 2009ರಲ್ಲಿ ಇಡಗುಂಜಿಯಲ್ಲಿ ವೇಷ ಹಾಕಿದ ರಾತ್ರಿಯೇ ತೀರಿಕೊಂಡರು. ಪುಣ್ಯವಂತರು ಎಂದೆವು. ಅವರ ಮಾತು ಬೇರೆ. ಅದನ್ನೇ ತೋರಿಸಿ ಬಡ ಕಲಾವಿದನಿಗೆ ವಿಶ್ರಾಂತಿ ಕೊಡದಿರುವುದು ಅನ್ಯಾಯ ಅಲ್ವಾ? ಶಾಲು, ಹಾರ ಜಾಸ್ತಿಯೇ ಆಯಿತು. ಮೇಳದ ಯಜಮಾನರು, ದುಡ್ಡು ಕೊಟ್ಟು ಯಕ್ಷಗಾನ ಆಟ ಆಡಿಸುವವರು ಸೇರಿ ಹುಷಾರಿಲ್ಲದ ರಾತ್ರಿಗೂ ಅರ್ಧ ಸಂಬಳವಾದರೂ ಕೊಡಲಿ.